ತೋಟಕ್ಕೆ ಎರೆಯುವ ನೀರು: ಶೌಚದ ಹೆಸರಿನಲ್ಲಿ ಒಂದು ಪ್ರಮಾದ

ಬೆಂಗಳೂರಿನಂತಹ ನಗರಗಳಲ್ಲಿ ಜಿನಮಂದಿರ, ವಿದ್ಯಾರ್ಥಿನಿಲಯ, ಸಮುದಾಯ ಭವನಗಳ ಆವರಣದ ತೋಟಗಳಿಗೆ ಸಂಸ್ಕರಿಸಿದ ಕೊಳಚೆ ನೀರನ್ನು ಬಳಸಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಆಡಳಿತ ಸಮಿತಿಗಳಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ಅದು ಅಶುಚಿ, ಬಸದಿಯ ಪ್ರಾಕಾರದೊಳಗೆ ಬರಕೂಡದು. ಈ ಉತ್ತರ ಕೊಡುವವರು ಸಾಮಾನ್ಯವಾಗಿ ಆಚಾರವಂತರು. ರಾತ್ರಿಭೋಜನವನ್ನು ತ್ಯಜಿಸಿದವರು, ಗಾಳಿಸದ ನೀರನ್ನು ಬಾಯಿಗಿಡದವರು. ಆದುದರಿಂದಲೇ ಅವರ ಮಾತಿಗೆ ಸಭೆಯಲ್ಲಿ ಎದುರು ಮಾತು ಹುಟ್ಟುವುದಿಲ್ಲ. ವಿಷಯ ಅಲ್ಲಿಗೇ ಮುಗಿಯುತ್ತದೆ. ಮರುದಿನ ಮುಂಜಾನೆ ಕಾವೇರಿಯ ನೀರು ಎಂದಿನಂತೆ ಹುಲ್ಲುಹಾಸಿನ ಮೇಲೆ ಹರಿಯುತ್ತದೆ.

ಈ ಉತ್ತರವು ಯುಕ್ತಿಗೂ ಒಪ್ಪುವುದಿಲ್ಲ, ಶ್ರಾವಕಾಚಾರಕ್ಕೂ ಒಪ್ಪುವುದಿಲ್ಲ. ಅಷ್ಟೇ ಅಲ್ಲ, ಯಾವ ಅಹಿಂಸೆಯ ಹೆಸರಿನಲ್ಲಿ ಇದನ್ನು ಹೇಳಲಾಗುತ್ತದೆಯೋ ಆ ಅಹಿಂಸೆಗೇ ಇದರಿಂದ ಹಾನಿಯಾಗುತ್ತಿದೆ ಎಂಬುದನ್ನು ಸಮಾಜದ ಮುಂದೆ ಸ್ಪಷ್ಟವಾಗಿ ಇಡಬೇಕಾದ ಕಾಲ ಬಂದಿದೆ.

ಮೊದಲು ಆ ಹುಲ್ಲುಹಾಸಿನ ಮೇಲೆ ಬೀಳುವ ನೀರಿನ ಪೂರ್ವಚರಿತ್ರೆಯನ್ನು ನೋಡಬೇಕು. ಬೆಂಗಳೂರು ನದೀತೀರದ ಊರಲ್ಲ. ಕೆರೆಗಳ ಮೇಲೆ ಬದುಕಿದ್ದ ಊರಿಗೆ 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂದವು. ಅವೂ ಸಾಲದಾಗಿ 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದಿಂದ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು ನೀರು ಹೆಚ್ಚುವರಿಯಾಗಿ ದೊರೆಯುವಂತೆ ಯೋಜಿಸಲಾಗಿದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡ ಈ ನೀರು ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳನ್ನು ದಾಟಿ, ಸುಮಾರು 100 ಕಿಲೋಮೀಟರು ದೂರ ಸಾಗಿ, ಸುಮಾರು 500 ಮೀಟರು ಎತ್ತರಕ್ಕೆ ಏರಿ ನಗರವನ್ನು ಸೇರಬೇಕು. ಜಲಮಂಡಳಿಯ ಖರ್ಚಿನ ಬಹುದೊಡ್ಡ ಪಾಲು ವಿದ್ಯುತ್ತಿಗೇ ಹೋಗುತ್ತದೆ. ಆಗಮದ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ಕೊಡದ ಹಿಂದೆಯೂ ಅಪ್ಕಾಯ, ತೇಜಸ್ಕಾಯ, ವಾಯುಕಾಯ ಜೀವಗಳ ಮಹಾ ಆರಂಭವಿದೆ. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ ಇದು ಅನಿವಾರ್ಯ. ಗೃಹಸ್ಥನಿಗೆ ಆರಂಭೀ ಹಿಂಸೆ ಸಂಪೂರ್ಣವಾಗಿ ತಪ್ಪುವುದಿಲ್ಲ. ಆದರೆ ಮದುವೆಯ ಛಾಯಾಚಿತ್ರಕ್ಕೆ ಹಸಿರು ಹಿನ್ನೆಲೆ ಬೇಕೆಂದು ಅದೇ ನೀರನ್ನು ನೆಲಕ್ಕೆ ಸುರಿಯುವುದನ್ನು ಯಾವ ಲೆಕ್ಕಕ್ಕೆ ಹಾಕಬೇಕು?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಲೆಕ್ಕವನ್ನು ತೋರಿಸಿಕೊಟ್ಟಿದ್ದಾರೆ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಗಾಳಿಗಳನ್ನು ಬಳಸುವುದು, ಸಸ್ಯಗಳನ್ನು ಕತ್ತರಿಸುವುದು ಇವೆಲ್ಲ ಅದರೊಳಗೆ ಸೇರುತ್ತವೆ. ವಾರಕ್ಕೊಮ್ಮೆ ಯಂತ್ರದಿಂದ ಕತ್ತರಿಸಿ, ದಿನಕ್ಕೊಮ್ಮೆ ನದಿಯ ನೀರು ಹೊಯ್ದು ಸಾಕುವ ಹುಲ್ಲುಹಾಸು ಈ ಪಟ್ಟಿಯ ಬಹುತೇಕ ಎಲ್ಲ ಬಾಬತ್ತುಗಳನ್ನೂ ಒಂದೇ ಕಡೆ ಕೂಡಿಸಿಕೊಂಡಿದೆ. ಅದಕ್ಕೆ ದಾನಿಗಳ ಹೆಸರಿನ ಶಿಲಾಫಲಕವೂ ಇರುತ್ತದೆ ಎಂಬುದು ಬೇರೆ ಮಾತು.

2024ರ ಬೇಸಿಗೆಯನ್ನು ನಗರ ಇನ್ನೂ ಮರೆತಿರಲಾರದು. ಹಿಂದಿನ ವರ್ಷದ ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿದಾಗ, ಮಾರ್ಚ್ ತಿಂಗಳಿನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ತೋಟಗಾರಿಕೆಗೆ, ವಾಹನ ತೊಳೆಯುವುದಕ್ಕೆ, ಕಟ್ಟಡ ನಿರ್ಮಾಣಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. 2025ರ ಫೆಬ್ರವರಿಯಲ್ಲಿ ಅದೇ ಆಜ್ಞೆ ಮತ್ತೆ ಹೊರಟಿತು. ಅಣುವ್ರತಗಳನ್ನು ಹೊತ್ತ ಸಮಾಜವೊಂದು ಇಂತಹ ವಿವೇಕವನ್ನು ದಂಡದ ಭಯದಿಂದ ಕಲಿಯಬೇಕಾಗಿ ಬಂದುದು ನಾಚಿಕೆಯ ಸಂಗತಿ. ಕುಡಿಯುವ ನೀರಿನಿಂದ ಹುಲ್ಲು ಬೆಳೆಸಬಾರದೆಂದು ಸರಕಾರಕ್ಕಿಂತ ಮೊದಲು ಹೇಳಬೇಕಾಗಿದ್ದವರು ಶ್ರಾವಕರು.

ಇನ್ನು ಒಳಬಂದ ನೀರು ಹೊರಹೋಗುವ ದಾರಿ. ಇಲ್ಲಿಯೇ ಶುಚಿತ್ವದ ವಾದ ಪೂರ್ತಿಯಾಗಿ ಕುಸಿಯುತ್ತದೆ. ಸಂಸ್ಕರಿಸಿದ ನೀರನ್ನು ಗೇಟಿನಲ್ಲಿ ತಡೆಯುವ ಸಂಸ್ಥೆಯು ತನ್ನ ಬಚ್ಚಲು, ಶೌಚಾಲಯ, ಪಾಕಶಾಲೆಗಳ ನೀರನ್ನು ಯಾವ ಚಿಂತೆಯೂ ಇಲ್ಲದೆ ಚರಂಡಿಗೆ ಬಿಡುತ್ತದೆ. ಆ ಚರಂಡಿ ಸಂಸ್ಕರಣಾ ಘಟಕವನ್ನು ಮುಟ್ಟಿದರೆ ಪುಣ್ಯ. ಮುಟ್ಟದೆ ರಾಜಕಾಲುವೆಗೆ ಬಿದ್ದರೆ ಅಲ್ಲಿಂದ ವೃಷಭಾವತಿಗೆ. ಆದಿತೀರ್ಥಂಕರರ ನಾಮವನ್ನು ನೆನಪಿಗೆ ತರುವ ಹೆಸರಿನ ಆ ಹೊಳೆ ಇಂದು ಕಪ್ಪಾಗಿ ನೊರೆಗಟ್ಟಿ ಹರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಯಾವ ನದಿಯಿಂದ ಅಭಿಷೇಕಕ್ಕೂ ಅಡಿಗೆಗೂ ನೀರು ಬಂದಿತೋ ಆ ನದಿಗೇ, ಒಂದಷ್ಟು ಕೆಳಗೆ, ಊರಿನ ಮಲವು ಹಿಂದಿರುಗುತ್ತದೆ. ನಗರದ ಪೂರ್ವದಿಕ್ಕಿನ ಕೊಳಚೆ ತುಂಬಿದ ಬೆಳ್ಳಂದೂರು ಕೆರೆ 2015ರಲ್ಲಿಯೂ 2017ರಲ್ಲಿಯೂ ಹೊತ್ತಿಕೊಂಡು ಉರಿಯಿತು. 2016ರ ಮಾರ್ಚ್ ತಿಂಗಳಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಉಸಿರುಕಟ್ಟಿ ಸತ್ತು ತೇಲಿದವು. ಮೀನು ಪಂಚೇಂದ್ರಿಯ ಜೀವ. ಬಲೆ ಬೀಸಿ ಒಂದು ಮೀನನ್ನು ಹಿಡಿಯುವುದಕ್ಕೆ ಹೇಸುವ ಕುಲದವರು ಚರಂಡಿಯ ಮೂಲಕ ಸಾವಿರ ಮೀನುಗಳ ಸಾವಿಗೆ ಪಾಲುದಾರರಾಗುವುದನ್ನು ಯಾವ ಪ್ರಾಯಶ್ಚಿತ್ತವಿಧಿಯಲ್ಲಿ ಎಣಿಸಿದ್ದಾರೆ?

ಜೈನಾಚಾರವು ನೀರಿನ ವಿಷಯದಲ್ಲಿ ನಲ್ಲಿಯ ತುದಿಯಲ್ಲಿ ಮಾತ್ರ ಎಚ್ಚರವಾಗಿರಲು ಹೇಳಿಕೊಟ್ಟಿಲ್ಲ. ನೀರು ಗಾಳಿಸುವ ಕ್ರಮವನ್ನೇ ತೆಗೆದುಕೊಳ್ಳಬಹುದು. ಇಮ್ಮಡಿ ಮಡಿಸಿದ ದಪ್ಪ ಬಟ್ಟೆಯಲ್ಲಿ ನೀರನ್ನು ಸೋಸಿದ ಮಾತ್ರಕ್ಕೆ ವಿಧಿ ಪೂರ್ಣವಾಗುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು, ಅಂದರೆ ಜೀವಾಣಿಯನ್ನು, ಸೋಸಿದ ನೀರಿನಿಂದಲೇ ತೊಳೆದು ಯಾವ ಬಾವಿಯಿಂದ ಸೇದಲಾಯಿತೋ ಅದೇ ಬಾವಿಗೆ, ಮೇಲಿನಿಂದ ಎಸೆಯದೆ, ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು. ಒಂದು ಬಾವಿಯ ಜೀವವನ್ನು ಮತ್ತೊಂದು ಬಾವಿಗೆ ಬಿಡುವುದೂ ದೋಷ. ತೆಗೆದುಕೊಂಡ ನೀರಿನ ಮೂಲಕ್ಕೆ ತೆಗೆದುಕೊಂಡವನೇ ಹೊಣೆ ಎಂಬ ಇಷ್ಟು ಸೂಕ್ಷ್ಮವಾದ ಭಾವನೆ ಬೇರೆಲ್ಲಿ ತಾನೆ ಇದೆ? ಅಜ್ಜಿಯರು ಕೊಡಪಾನದ ಕುತ್ತಿಗೆಗೆ ಎರಡು ಹಗ್ಗ ಕಟ್ಟಿ ಆಚರಿಸುತ್ತಿದ್ದ ಈ ಧರ್ಮವು ಕೊಳವೆಯ ನೀರು ಮನೆಯೊಳಗೆ ಬಂದೊಡನೆ ನಲ್ಲಿಗೆ ಕಟ್ಟಿದ ಒಂದು ಬಟ್ಟೆಯ ಚೂರಾಗಿ ಉಳಿಯಿತು. ಅರ್ಧ ಉಳಿಯಿತು, ಅರ್ಧ ಚರಂಡಿಯ ಪಾಲಾಯಿತು.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಗಳನ್ನು ನಿರ್ಜಂತುಕವಾದ ಒಣ ನೆಲದಲ್ಲಿ, ಯಾವ ಜೀವಕ್ಕೂ ಪೀಡೆಯಾಗದಂತೆ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ಇದು ಮಹಾವ್ರತಿಗಳಿಗೆ ವಿಧಿಸಿದ್ದು, ಗೃಹಸ್ಥನಿಗಲ್ಲ ಎಂದು ಹೇಳುವವರಿದ್ದಾರೆ, ಸರಿಯೇ. ಆದರೂ ಮುನಿಯು ಪೂರ್ಣವಾಗಿ ಪಾಲಿಸುವುದನ್ನು ಶ್ರಾವಕನು ತನ್ನ ಶಕ್ತ್ಯನುಸಾರ ಅನುಸರಿಸುವುದೇ ಅಣುವ್ರತದ ಅರ್ಥ. ಮಲವನ್ನು ನೇರವಾಗಿ ಹರಿಯುವ ನೀರಿಗೆ ಸೇರಿಸುವ ವ್ಯವಸ್ಥೆ ಆ ಸಮಿತಿಯ ಅಂಶಮಾತ್ರದ ಪಾಲನೆಯೂ ಆಗಲಾರದು.

ಇನ್ನು ಅಶುಚಿಯ ಆಕ್ಷೇಪ. ಒಮ್ಮೆ ಮಲಿನವಾದ ನೀರು ಎಂದೆಂದಿಗೂ ಮಲಿನವೇ ಎಂಬ ನಂಬಿಕೆ ಇದರ ಬೇರು. ಈ ನಂಬಿಕೆಗೆ ಜೈನಸಾಹಿತ್ಯದಲ್ಲಿಯೇ, ಎರಡು ಸಾವಿರ ವರ್ಷಗಳಷ್ಟು ಹಳೆಯದೆನ್ನಬಹುದಾದ ಒಂದು ಸಮಾಧಾನವಿದೆ. ಶ್ವೇತಾಂಬರ ಆಗಮಗಳಲ್ಲಿ ಆರನೆಯ ಅಂಗವಾದ ಜ್ಞಾತಾಧರ್ಮಕಥೆಯ ಹನ್ನೆರಡನೆಯ ಅಧ್ಯಯನದ ಹೆಸರೇ ಉದಕಜ್ಞಾತ, ನೀರಿನ ದೃಷ್ಟಾಂತ. ಚಂಪಾನಗರಿಯ ಅರಸ ಜಿತಶತ್ರು. ಅವನ ಮಂತ್ರಿ ಸುಬುದ್ಧಿ, ಶ್ರಾವಕ. ಒಂದು ದಿನ ಅರಸನು ತಾನುಂಡ ಭೋಜನದ ವರ್ಣ ಗಂಧ ರಸಗಳನ್ನು ಬಾಯಿತುಂಬ ಹೊಗಳಿದನು. ಸುತ್ತಲಿದ್ದವರೆಲ್ಲ ಹೌದೆಂದರು. ಸುಬುದ್ಧಿ ಮಾತ್ರ ಸುಮ್ಮನಿದ್ದನು. ಒತ್ತಾಯಿಸಿ ಕೇಳಿದಾಗ, ಇದರಲ್ಲಿ ಬೆರಗಾಗುವಂಥದೇನೂ ಇಲ್ಲ, ಒಳ್ಳೆಯ ಪುದ್ಗಲಗಳು ಕೆಟ್ಟವಾಗಿಯೂ ಕೆಟ್ಟ ಪುದ್ಗಲಗಳು ಒಳ್ಳೆಯವಾಗಿಯೂ ಪರಿಣಮಿಸುತ್ತವೆ ಎಂದನು. ಅರಸನಿಗೆ ಇದು ರುಚಿಸಲಿಲ್ಲ. ಮುಂದೊಂದು ದಿನ ಅರಸನು ಪರಿವಾರದೊಡನೆ ಊರ ಹೊರಗಿನ ಕಂದಕದ ಪಕ್ಕದಲ್ಲಿ ಹೋಗುವಾಗ ಹೆಣಗಳು ಕೊಳೆತು ಹುಳುಗಳು ಮಿಜಿಗುಟ್ಟುತ್ತಿದ್ದ ಆ ನೀರಿನ ದುರ್ಗಂಧಕ್ಕೆ ಮೂಗು ಮುಚ್ಚಿಕೊಂಡನು. ಸುಬುದ್ಧಿ ಅಲ್ಲಿಯೂ ಅದೇ ಮಾತನ್ನು ಹೇಳಿದನು. ಅರಸನು ಅವನನ್ನು ಗದರಿಸಿದನು.

ಮಂತ್ರಿ ವಾದಕ್ಕೆ ನಿಲ್ಲಲಿಲ್ಲ. ಸಂಜೆಗತ್ತಲಲ್ಲಿ ಆ ಕಂದಕದ ನೀರನ್ನೇ ತರಿಸಿ, ಸೋಸಿಸಿ, ಹೊಸ ಮಡಕೆಗಳಲ್ಲಿ ತುಂಬಿಸಿ, ಕ್ಷಾರವನ್ನು ಬೆರೆಸಿ, ಬಾಯಿಗೆ ಮುದ್ರೆ ಹಾಕಿಸಿ ಏಳು ರಾತ್ರಿ ಇಟ್ಟನು. ಮತ್ತೆ ಸೋಸಿ ಬೇರೆ ಹೊಸ ಮಡಕೆಗಳು, ಮತ್ತೆ ಕ್ಷಾರ, ಮತ್ತೆ ಏಳು ರಾತ್ರಿ. ಹೀಗೆ ಏಳು ಸಪ್ತಾಹಗಳು ಕಳೆಯುವಷ್ಟರಲ್ಲಿ ನೀರು ಸ್ಫಟಿಕದಂತೆ ತಿಳಿಯಾಯಿತು. ಅದಕ್ಕೆ ಸುಗಂಧದ್ರವ್ಯವನ್ನು ಸೇರಿಸಿ ಅರಸನ ನೀರಿನ ಅಧಿಕಾರಿಯ ಕೈಯಲ್ಲಿ ಊಟದ ಹೊತ್ತಿಗೆ ಕಳುಹಿಸಿದನು. ಅರಸನು ಕುಡಿದು, ಇದು ಉದಕರತ್ನ, ಎಲ್ಲಿಂದ ಬಂದಿತು ಎಂದು ಕೇಳಿದನು. ನಿಜ ತಿಳಿದಾಗ ನಂಬಲಿಲ್ಲ. ತಾನೇ ಅದೇ ಕಂದಕದ ನೀರನ್ನು ತರಿಸಿ ಅದೇ ಕ್ರಮದಲ್ಲಿ ಮಾಡಿಸಿ ನೋಡಿದನು. ಕಣ್ಣಾರೆ ಕಂಡಮೇಲೆ ಮಂತ್ರಿಯಿಂದ ಜಿನಧರ್ಮವನ್ನು ಕೇಳಿ ಶ್ರಾವಕವ್ರತಗಳನ್ನು ಸ್ವೀಕರಿಸಿದನು.

ದಿಗಂಬರ ಪರಂಪರೆ ಇಂದು ದೊರೆಯುವ ಅಂಗಗ್ರಂಥಗಳನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಕರ್ನಾಟಕದ ಬಸದಿಗಳ ಬಹುತೇಕ ಶ್ರಾವಕರಿಗೆ ಈ ಕಥೆ ಅಪರಿಚಿತವೂ ಆಗಿರಬಹುದು. ಆದರೆ ಕಥೆ ನಿಂತಿರುವ ತತ್ತ್ವದಲ್ಲಿ ಎರಡು ಪರಂಪರೆಗಳಿಗೂ ಭೇದವಿಲ್ಲ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ದಶಲಕ್ಷಣ ಪರ್ವದಲ್ಲಿ ಪಾರಾಯಣ ಮಾಡುವ ಪ್ರತಿಯೊಬ್ಬರೂ ಪುದ್ಗಲಕ್ಕೆ ಸ್ಪರ್ಶ, ರಸ, ಗಂಧ, ವರ್ಣಗಳಿವೆ ಎಂಬುದನ್ನೂ, ದ್ರವ್ಯವು ನಿತ್ಯವಾಗಿದ್ದು ಪರ್ಯಾಯಗಳು ಉತ್ಪನ್ನವಾಗಿ ನಾಶವಾಗುತ್ತವೆ ಎಂಬುದನ್ನೂ ಬಾಯಲ್ಲಿ ಹೇಳುತ್ತಾರೆ. ದುರ್ಗಂಧವು ನೀರಿನ ಒಂದು ಪರ್ಯಾಯ. ಅದನ್ನು ನೀರಿನ ನಿತ್ಯಸ್ವಭಾವವೆಂದು ಹಟ ಹಿಡಿಯುವವನು ಬೆಳಿಗ್ಗೆ ಓದಿದ ಸೂತ್ರವನ್ನು ಸಂಜೆಯ ಸಭೆಯಲ್ಲಿ ನಿರಾಕರಿಸಿದಂತಾಯಿತು. ಮೋಡದಿಂದ ಬೀಳುವ ನೀರೂ ಹಿಂದೆ ಯಾವುದೋ ಊರಿನ ಕೊಚ್ಚೆಯಿಂದಲೇ ಆವಿಯಾಗಿರಬಹುದು. ತೋಟಕ್ಕೆ ಹಾಕುವ ಗೊಬ್ಬರದ ಪೂರ್ವಪರ್ಯಾಯವನ್ನು ಯಾರೂ ಕೇಳುವುದಿಲ್ಲ.

ಹಳೆಯ ಮನೆಗಳಲ್ಲಿ ಈ ವಿವೇಕ ಹೇಳಿಕೊಡದೆಯೇ ಇತ್ತು. ದಕ್ಷಿಣ ಕನ್ನಡದ, ಮಲೆನಾಡಿನ ಜೈನ ಮನೆಗಳಲ್ಲಿ ಬಚ್ಚಲಿನ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಅದೇ ಬಾಳೆಯ ಎಲೆಯನ್ನು ತೊಳೆದು ಅತಿಥಿಗೆ ಬಡಿಸುತ್ತಿದ್ದರು. ಅಶುಚಿ ಎಂಬ ಮಾತು ಅಲ್ಲಿ ಬರಲಿಲ್ಲ. ನಗರಕ್ಕೆ ಬಂದು, ಹಿತ್ತಿಲು ಕಳೆದುಕೊಂಡು, ಕೊಳಚೆಯು ನೆಲದಡಿಯ ಕೊಳವೆಯಲ್ಲಿ ಕಣ್ಣಿಗೆ ಬೀಳದೆ ಹರಿಯತೊಡಗಿದ ಮೇಲೆ ಹುಟ್ಟಿದ ಮಡಿ ಇದು.

ಶೌಚ ಎಂಬ ಮಾತನ್ನಾದರೂ ಸರಿಯಾಗಿ ಬಳಸಬೇಕು. ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಶೌಚಕ್ಕೆ ಆಚಾರ್ಯರು ಕೊಟ್ಟಿರುವ ಅರ್ಥ ಲೋಭದ ಅಭಾವ. ದೇಹವನ್ನು ಎಷ್ಟು ತೊಳೆದರೂ ಅದು ಬರುವುದಿಲ್ಲ. ಬಾಯಾರಿದ ಊರಿನ ನಡುವೆ ನದಿಯ ನೀರನ್ನು ತನ್ನ ಹುಲ್ಲಿಗಾಗಿ ಹಿಡಿದಿಟ್ಟುಕೊಂಡು, ಆ ಹಿಡಿತಕ್ಕೇ ಶೌಚವೆಂಬ ಹೆಸರಿಡುವುದು ಶಬ್ದದ ಅಪಚಾರ. ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಯನ್ನೂ ಇಲ್ಲಿ ನೆನೆಯಬಹುದು. ಉದ್ದಾಯನ ಮಹಾರಾಜನು ರೋಗಗ್ರಸ್ತ ಮುನಿಯ ವಾಂತಿಯನ್ನು ಹೇಸದೆ ತೊಳೆದ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿ ಪ್ರಸಂಗ ಮುನಿಯ ಶರೀರದ್ದು, ಚರಂಡಿಯದಲ್ಲ. ಆದರೆ ಹೇಸಿಗೆಯನ್ನು ಧರ್ಮನಿರ್ಣಯದ ಅಳತೆಗೋಲಾಗಿ ಮಾಡಿಕೊಳ್ಳಬಾರದೆಂಬ ಶಿಕ್ಷಣ ಎರಡಕ್ಕೂ ಒಂದೇ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಸಂಸ್ಕರಣಾ ಘಟಕದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಹುಟ್ಟಿ ಸಾಯುತ್ತವೆ, ಕೊನೆಗೆ ಕ್ಲೋರಿನ್ ಹಾಕಿ ಉಳಿದವನ್ನು ಕೊಲ್ಲಲಾಗುತ್ತದೆ. ಇಂತಹ ಯಂತ್ರವನ್ನು ಧಾರ್ಮಿಕ ಸಂಸ್ಥೆಯೊಂದು ಹೇಗೆ ಸ್ಥಾಪಿಸಬೇಕು ಎಂಬುದು. ಕೊಳಚೆಯಲ್ಲಿರುವ ಸಾವಯವ ಪದಾರ್ಥವನ್ನು ತಿನ್ನುವ ಬ್ಯಾಕ್ಟೀರಿಯಾಗಳು ಘಟಕವಿರಲಿ ಇಲ್ಲದಿರಲಿ ಬೆಳೆಯುತ್ತವೆ. ಘಟಕದ ತೊಟ್ಟಿಯಲ್ಲಿ ಅವಕ್ಕೆ ಗಾಳಿಯನ್ನು ಊದಿ ಕೊಡಲಾಗುತ್ತದೆ. ಕೆರೆಯಲ್ಲಿ ಅವು ಮೀನಿನ ಉಸಿರಿಗೆ ಬೇಕಾದ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಹೀಗಾಗಿ ಘಟಕವನ್ನು ಕಟ್ಟದಿದ್ದರೆ ಏಕೇಂದ್ರಿಯಗಳ ಹಿಂಸೆ ತಪ್ಪುವುದಿಲ್ಲ, ಅದರ ಮೇಲೆ ಪಂಚೇಂದ್ರಿಯಗಳ ಹಿಂಸೆ ಸೇರುತ್ತದೆ. ಕ್ಲೋರಿನ್ನಿನ ವಿಷಯದಲ್ಲಿ ಹೇಳುವುದಾದರೆ, ನಲ್ಲಿಯಲ್ಲಿ ಬರುವ ಕುಡಿಯುವ ನೀರಿಗೂ ಅದನ್ನು ಬೆರೆಸಿಯೇ ಕಳುಹಿಸಲಾಗುತ್ತದೆ. ಆ ನೀರನ್ನು ಗಾಳಿಸಿ ಕುಡಿಯುವವರು ಗಿಡದ ಬುಡದಲ್ಲಿ ಮಾತ್ರ ಕ್ಲೋರಿನ್ನನ್ನು ಕಂಡು ನೊಂದುಕೊಳ್ಳುವುದು ವಿಚಿತ್ರ.

ಆದರೆ ಸಂಸ್ಕರಣೆಯೆಂಬ ಹೆಸರಿನಲ್ಲಿ ನಡೆಯುವ ಎಲ್ಲವನ್ನೂ ಒಪ್ಪಬೇಕೆಂದು ಇದರ ಅರ್ಥವಲ್ಲ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಕೋಲಾರದ ಕೆರೆಗಳಿಗೆ ಹರಿಸತೊಡಗಿದ ವರ್ಷವೇ ನೊರೆ ಕಾಣಿಸಿಕೊಂಡು, ಉಚ್ಚ ನ್ಯಾಯಾಲಯ ಕೆಲಕಾಲ ಅದಕ್ಕೆ ತಡೆ ನೀಡಬೇಕಾಯಿತು. ವಸತಿ ಸಮುಚ್ಚಯಗಳಲ್ಲಿ ಕಾನೂನಿಗಾಗಿ ಕಟ್ಟಿ, ವಿದ್ಯುತ್ತಿನ ಖರ್ಚಿಗೆ ಹೆದರಿ ಆರಿಸಿಟ್ಟ ಘಟಕಗಳಿವೆ. ಗಾಳಿ ನಿಂತ ತೊಟ್ಟಿಯ ನೀರು ಅರ್ಧ ಕೊಳಚೆಯೇ. ಅದನ್ನು ಮಕ್ಕಳು ಆಡುವ ಹುಲ್ಲಿನ ಮೇಲೆ ತುಂತುರಾಗಿ ಸಿಡಿಸುವುದು ಹಿಂಸೆಯ ಇನ್ನೊಂದು ರೂಪ. ಕಬ್ಬನ್ ಉದ್ಯಾನದಲ್ಲಿಯೂ ಲಾಲ್‌ಬಾಗಿನಲ್ಲಿಯೂ ಜಲಮಂಡಳಿಯು ಈ ಶತಮಾನದ ಮೊದಲ ದಶಕದಲ್ಲಿಯೇ ಘಟಕಗಳನ್ನು ಕಟ್ಟಿತು. ತಲಾ ದಿನಕ್ಕೆ 15 ಲಕ್ಷ ಲೀಟರು ಅವುಗಳ ಆರಂಭದ ಸಾಮರ್ಥ್ಯ. ಪಕ್ಕದಲ್ಲಿ ಹರಿಯುವ ಒಳಚರಂಡಿಯಿಂದ ನೀರನ್ನು ಎತ್ತಿ, ಮೂರು ಹಂತಗಳಲ್ಲಿ ಶುದ್ಧಗೊಳಿಸಿ ಅಲ್ಲಿಯ ಮರಗಿಡಗಳಿಗೆ ಕೊಡುವ ವ್ಯವಸ್ಥೆ ಅದು. ಬಸದಿಯ ತೋಟಕ್ಕೂ ಮೂರನೆಯ ಹಂತ, ಅಂದರೆ ಮರಳು ಹಾಗೂ ಇದ್ದಿಲಿನ ಸೋಸುವಿಕೆ, ಸೋಂಕುನಿವಾರಣೆ ಇಲ್ಲದ ನೀರು ಬರಕೂಡದು. ನೀರನ್ನು ಚಿಮುಕಿಸದೆ ಬುಡಕ್ಕೆ ಹನಿಸಬೇಕು. ಕೊಳವೆಗಳಿಗೆ ಬೇರೆ ಬಣ್ಣವಿರಬೇಕು. ಕುಡಿಯುವ ನೀರಿನ ಕೊಳವೆಯೊಡನೆ ಅವು ಎಲ್ಲಿಯೂ ಸೇರಬಾರದು. ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕಗಳು ಉಳಿದಿರುವುದರಿಂದ ಗೊಬ್ಬರ ಕಡಿಮೆ ಸಾಕು. ಲವಣವೂ ಉಳಿದಿರುತ್ತದೆ, ಆದುದರಿಂದ ನೀರು ಇಂಗಿಹೋಗುವ ಮಣ್ಣನ್ನೂ ಉಪ್ಪನ್ನು ತಾಳುವ ಗಿಡಗಳನ್ನೂ ಆರಿಸಿಕೊಳ್ಳಬೇಕು.

ಅಭಿಷೇಕಕ್ಕೆ, ಪಾಕಶಾಲೆಗೆ, ತ್ಯಾಗಿಗಳ ಕಮಂಡಲುವಿಗೆ ಈ ನೀರನ್ನು ಯಾರೂ ಸೂಚಿಸಿಲ್ಲ. ಅರ್ಚನೆಯ ಹೂವಿನ ಪಾತಿಗೆ ಬಾವಿಯ ನೀರೇ ಬೇಕೆಂದು ಮನಸ್ಸು ಹೇಳಿದರೆ ಹಾಗೆಯೇ ಆಗಲಿ. ಅದಕ್ಕೆ ದಿನಕ್ಕೆ ಕೆಲವು ಕೊಡ ನೀರು ಸಾಕು, ಮೇಲ್ಛಾವಣಿಯ ಮಳೆನೀರನ್ನು ಹಿಡಿದರೂ ನಡೆದೀತು. ಜಗಳ ಇರುವುದು ಆ ಪಾತಿಯ ಬಗ್ಗೆ ಅಲ್ಲ, ಅದರ ಸುತ್ತ ಹರಡಿದ ಹುಲ್ಲಿನ ಬಗ್ಗೆ. ಆ ಹುಲ್ಲು ಬೇಕೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಉತ್ತಮ. ಸಂಸ್ಕರಿಸಿದ ನೀರು ಸಿಕ್ಕಿತೆಂದು ಹುಲ್ಲುಹಾಸನ್ನು ಎರಡರಷ್ಟು ಮಾಡುವ ಸಂಸ್ಥೆ ಪರಿಗ್ರಹವನ್ನು ಬೇರೆ ಖಾತೆಗೆ ಬರೆದುಕೊಂಡಿತಷ್ಟೆ. ಹೊಂಗೆ, ಬೇವು, ನಾಗಸಂಪಿಗೆಗಳ ನೆರಳಿರುವ ಆವರಣ ಒಮ್ಮೆ ಬೇರೂರಿದ ಮೇಲೆ ಕಡಿಮೆ ನೀರಿನಲ್ಲಿ ಬದುಕುತ್ತದೆ, ಹಕ್ಕಿಗಳಿಗೂ ಒದಗುತ್ತದೆ.

ಖರ್ಚಿನ ಮಾತು ದೊಡ್ಡದಲ್ಲ. ಚಿಕ್ಕ ಸಂಸ್ಥೆಗಳಿಗೆ ಸ್ವಂತ ಘಟಕದ ಅಗತ್ಯವಿಲ್ಲ. ಜಲಮಂಡಳಿಯ ಘಟಕಗಳಿಂದ ಸಂಸ್ಕರಿಸಿದ ನೀರನ್ನು ಟ್ಯಾಂಕರಿನಲ್ಲಿ ತರಿಸಬಹುದು. ವಿದ್ಯಾರ್ಥಿನಿಲಯಗಳಲ್ಲಿ ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಶೌಚಾಲಯದ ಕೊಳವೆಯಿಂದ ಬೇರ್ಪಡಿಸಿ, ಜಲ್ಲಿ ಮರಳುಗಳ ಮೇಲೆ ಕಾಬಾಳೆ, ಜೊಂಡು ಬೆಳೆಸಿದ ಪಾತಿಯ ಮೂಲಕ ಹರಿಸಿದರೆ ತೋಟದ ಬಹುಪಾಲು ಆವಶ್ಯಕತೆ ಪೂರೈಸುತ್ತದೆ. ಪಂಚಕಲ್ಯಾಣದ ಒಂದು ದಿನದ ದೀಪಾಲಂಕಾರದೊಡನೆ ಈ ವೆಚ್ಚವನ್ನು ಹೋಲಿಸಿ ನೋಡುವುದು ಆಡಳಿತ ಸಮಿತಿಗಳಿಗೆ ಬಿಟ್ಟ ವಿಷಯ.

ಒಂದು ಖರ್ಚನ್ನು ಮಾತ್ರ ಯಾವ ಕಾರಣಕ್ಕೂ ಕಡಿತ ಮಾಡಕೂಡದು. 2018ರ ಜನವರಿಯಲ್ಲಿ ಬೆಂಗಳೂರಿನ ವಸತಿ ಸಮುಚ್ಚಯವೊಂದರ ಸಂಸ್ಕರಣಾ ಘಟಕವನ್ನು ಸ್ವಚ್ಛಗೊಳಿಸಲು ಇಳಿದ ಮೂವರು ಕೆಲಸಗಾರರು ವಿಷಾನಿಲದಿಂದ ಉಸಿರುಗಟ್ಟಿ ಸತ್ತರು. ಇಂತಹ ತೊಟ್ಟಿಗಳಿಗೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾಯಿದೆ ಅದಕ್ಕೂ ಮೊದಲೇ ಅಪರಾಧವೆಂದು ಸಾರಿತ್ತು. ಕೊಳಚೆಯ ಹೆಸರು ಕೇಳಿ ಮೂಗು ಮುಚ್ಚುವ ಸಭೆಗೆ, ಆ ಕೊಳಚೆಯೊಳಗೆ ಇಳಿಯುವವನು ಯಾವ ಕೇರಿಯಿಂದ ಬರುತ್ತಾನೆಂಬುದು ಗೊತ್ತಿಲ್ಲದೆ ಇಲ್ಲ. ಘಟಕ ಸ್ಥಾಪಿಸುವ ಸಂಸ್ಥೆ ಕೆಸರನ್ನು ಹೀರುವ ಯಂತ್ರಕ್ಕೆ, ಅದನ್ನು ಒಣಗಿಸಿ ಗೊಬ್ಬರ ಮಾಡುವ ಜಾಗಕ್ಕೆ, ತಿಂಗಳ ಪರೀಕ್ಷೆಗೆ, ತರಬೇತಿ ಪಡೆದ ನಿರ್ವಾಹಕನ ಸಂಬಳಕ್ಕೆ ಹಣವನ್ನು ಅಂದಾಜುಪಟ್ಟಿಯ ಮೊದಲ ಸಾಲುಗಳಲ್ಲಿಯೇ ತೋರಿಸತಕ್ಕದ್ದು. ಕಾರಂಜಿ, ಶಿಲಾಫಲಕಗಳ ಬಾಬತ್ತು ಅದರ ನಂತರ ಬರಲಿ.